ಕಾದ ಮೇಲೆ ಸೊರಗುವ ಎಂಜಿನ್

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರದ ಪಾಠ ಹೇಳುವವನು. ಬಿತ್ತನೆ, ಗೊಬ್ಬರ, ಕಳೆಗಳ ಬಗ್ಗೆ ಮಾತನಾಡಬೇಕಾದವನು ಇಂದು ಎಂಜಿನ್ ವಿಷಯ ಎತ್ತಿಕೊಂಡದ್ದು ತಮಗೆ ಸೋಜಿಗವೆನಿಸಬಹುದು. ಇದಕ್ಕೆ ಕಾರಣವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು ಮಳೆ ಕಡಿಮೆ ಇರುವ ಒಣ ಪ್ರದೇಶಕ್ಕೆ ಸೇರಿದವು. ಮಸಾರಿ ಹೊಲದಲ್ಲಿ ಮಳೆಯಾದ ಮೇಲೆ ಬಿತ್ತನೆಯ ಹದ ಎರಡು ಮೂರು ದಿನ ನಿಂತರೆ ಹೆಚ್ಚು. ಆ ದಿನಗಳಲ್ಲಿ ಯಂತ್ರ ನಿಂತರೆ ಒಳ್ಳೆಯ ಬೀಜವೂ ಗೊಬ್ಬರವೂ ಮನೆಯಲ್ಲೇ ಉಳಿಯುತ್ತವೆ. ಆದ್ದರಿಂದ ಎಂಜಿನ್ನಿನ ಆರೋಗ್ಯವೂ ಬೇಸಾಯದ ಪಾಠವೇ.

ಕೊಟ್ಟೂರು ಕಡೆಯ ಒಬ್ಬ ರೈತರ ಅನುಭವ ಹೇಳುತ್ತೇನೆ. ಅವರದು ಸಣ್ಣ ಡೀಸೆಲ್ ಟ್ರ್ಯಾಕ್ಟರ್. ಬೆಳಿಗ್ಗೆ ಚೆನ್ನಾಗಿ ಚಾಲೂ ಆಗುತ್ತಿತ್ತು. ಮುಕ್ಕಾಲು ತಾಸು ಕೆಲಸ ಮಾಡಿದ ಮೇಲೆ ಶಕ್ತಿ ಕುಂದಿ, ಕೂರಿಗೆ ಎಳೆಯಲಾರದೆ ನಿಂತುಬಿಡುತ್ತಿತ್ತು. ಅರ್ಧ ತಾಸು ಬಿಟ್ಟರೆ ಮತ್ತೆ ಮೊದಲಿನಂತೆ. ಮೆಕ್ಯಾನಿಕ್ ಬರುವ ಹೊತ್ತಿಗೆ ಎಂಜಿನ್ ತಣ್ಣಗಾಗಿ ಸರಿಯಾಗಿಯೇ ಓಡಿತು. ಆತ ಪಂಪಿನ ಮೇಲೆ ಸಂಶಯಪಟ್ಟು ಅದನ್ನು ಬಿಚ್ಚಿ ಪೇಟೆಗೆ ಕಳುಹಿಸಿದ. ನಾಲ್ಕು ದಿನ ಹೋಯಿತು, ಹಣವೂ ಹೋಯಿತು. ಪಂಪು ಬಂದು ಕೂಡಿಸಿದ ಮೇಲೆಯೂ ಮುಕ್ಕಾಲು ತಾಸಿಗೆ ಟ್ರ್ಯಾಕ್ಟರ್ ನಿಂತಿತು. ಅಷ್ಟರಲ್ಲಿ ಹದ ಆರಿ, ಮೆಕ್ಕೆಜೋಳದ ಬಿತ್ತನೆ ಮುಂದಿನ ಮಳೆಗೆ ಹೋಯಿತು.

ಕೊನೆಗೆ ದೋಷ ಸಿಕ್ಕಿದ್ದು ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ. ಹಳೆಯ ಮುಚ್ಚಳ ಕಳೆದುಹೋಗಿ, ಗಾಳಿಯ ತೂತಿಲ್ಲದ ಬೇರೊಂದನ್ನು ಬಿಗಿದಿದ್ದರು. ಡೀಸೆಲ್ ಖರ್ಚಾದಂತೆ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಅದು ಹೋಗದಿದ್ದರೆ ಡೀಸೆಲ್ ಇಳಿಯುವುದಿಲ್ಲ. ಎಂಜಿನ್ ನಿಂತಾಗ ಗಾಳಿ ನಿಧಾನವಾಗಿ ನುಸುಳಿ ಎಲ್ಲವೂ ಸರಿಹೋದಂತೆ ಕಾಣುತ್ತದೆ. ನಿಂತ ಕ್ಷಣದಲ್ಲೇ ಮುಚ್ಚಳ ತೆಗೆದಿದ್ದರೆ ಗಾಳಿ ಒಳಕ್ಕೆ ಎಳೆದ ಸುಯ್ ಎಂಬ ಶಬ್ದ ಕೇಳಿ ಅಂದೇ ಗೊತ್ತಾಗುತ್ತಿತ್ತು.

ಇದರಿಂದ ಎರಡು ಪಾಠ ಕಲಿಯಬೇಕು. ಮೊದಲನೆಯದು, ಬಿಸಿಯಲ್ಲಿ ತೋರುವ ದೋಷವನ್ನು ಬಿಸಿಯಲ್ಲೇ ಹುಡುಕಬೇಕು. ಜ್ವರ ಇಳಿದ ಮೇಲೆ ಜ್ವರ ಅಳೆದರೆ ಏನು ಪ್ರಯೋಜನ? ಎರಡನೆಯದು, ‘ಕಾದ ಮೇಲೆ’ ಎಂಬುದೂ ‘ಹೊತ್ತಾದ ಮೇಲೆ’ ಎಂಬುದೂ ಒಂದೇ ಅಲ್ಲ. ಈ ರೈತರ ಟ್ರ್ಯಾಕ್ಟರಿಗೆ ಕಾವಿನ ದೋಷವೇ ಇರಲಿಲ್ಲ.

ಎಂಜಿನ್ ಸೊರಗಿದಾಗ ಮೊದಲು ಹೊಗೆ ನೋಡಿ. ಶಕ್ತಿ ಕುಂದಿ ಕಪ್ಪು ಹೊಗೆ ಬಂದರೆ ಸಾಮಾನ್ಯವಾಗಿ ಗಾಳಿ ಸಾಲದು, ಇಲ್ಲವೆ ಹೊರೆ ಹೆಚ್ಚು. ಹೊಗೆಯೇ ಇಲ್ಲದೆ ಶಕ್ತಿ ಕುಂದಿದರೆ ಡೀಸೆಲ್ ಸಾಲದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಮೇಲೆ ಖರ್ಚಿಲ್ಲದ ಕೆಲಸದಿಂದ ಆರಂಭಿಸಿ ಈ ಕ್ರಮದಲ್ಲಿ ಪರೀಕ್ಷಿಸಿ:

1. ಟ್ಯಾಂಕಿನ ಮುಚ್ಚಳ: ನಿಂತ ಕೂಡಲೇ ಸಡಿಲಿಸಿ ನೋಡಿ. ತೂತಿಗೆ ಮಣ್ಣು ಕಟ್ಟಿದ್ದರೆ ತೆಗೆಯಿರಿ. ಮಳೆ ನೀರು ಬೀಳದಿರಲೆಂದು ಮುಚ್ಚಳಕ್ಕೆ ಪ್ಲಾಸ್ಟಿಕ್ ಬಿಗಿದು ಕಟ್ಟಬೇಡಿ.

2. ಡೀಸೆಲ್ ದಾರಿ: ಟ್ಯಾಂಕು ಎತ್ತರದಲ್ಲಿರುವ ಯಂತ್ರವಾದರೆ ಫಿಲ್ಟರಿಗೆ ಬರುವ ಪೈಪನ್ನು ಬಿಚ್ಚಿ, ಡೀಸೆಲನ್ನು ಡಬ್ಬಿಗೆ ಹರಿಯಬಿಡಿ. ಧಾರೆ ಒಂದೇ ಸಮನೆ ಬರಬೇಕು. ಸ್ವಲ್ಪ ಹೊತ್ತಿಗೆ ಸಣ್ಣದಾದರೆ ಟ್ಯಾಂಕಿನ ಕಸ ಬಾಯಿಗೆ ಬಂದು ಕೂರುತ್ತಿದೆ ಎಂದು ತಿಳಿಯಿರಿ. ಪೈಪ್ ಕೂಡಿಸಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ತಪ್ಪದೆ ತೆಗೆಯಬೇಕು.

3. ಏರ್ ಕ್ಲೀನರ್: ಒಣ ಹೊಲದ ದೂಳಿನಲ್ಲಿ ಇದನ್ನು ದಿನವೂ ನೋಡಬೇಕು. ಎಣ್ಣೆ ತುಂಬುವ ಬಗೆಯದಾದರೆ ಎಣ್ಣೆ ಗುರುತಿನ ಮಟ್ಟಕ್ಕಿರಲಿ, ಕೆಸರಾಗಿದ್ದರೆ ಬದಲಿಸಿ.

4. ತಂಪು ಮಾಡುವ ಭಾಗ: ಕಾವಿನ ಮುಳ್ಳು ಕೆಂಪಿಗೆ ಏರುತ್ತಿದ್ದರೆ ರೇಡಿಯೇಟರಿನಲ್ಲಿ ಹೊಟ್ಟು, ರವದಿ ಸಿಕ್ಕಿರಬಹುದು. ಎಂಜಿನ್ ಆರಿದ ಮೇಲೆ ಫ್ಯಾನಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ರಿಂದ 12 ಮಿ.ಮೀ. ಬಗ್ಗಬೇಕು, ಹೆಚ್ಚು ಬಗ್ಗಿದರೆ ಬಿಗಿ ಮಾಡಿ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

5. ಟ್ಯಾಪೆಟ್ ಸಂದು: ಲೋಹ ಕಾದರೆ ಹಿಗ್ಗುತ್ತದೆ. ಸಂದು ಕಡಿಮೆಯಿದ್ದರೆ ಕಾದಾಗ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ಎಂಜಿನ್ ತಣ್ಣಗಿರುವಾಗ ಅಳೆಯಬೇಕೋ ಬಿಸಿಯಿರುವಾಗಲೋ, ಎಷ್ಟಿರಬೇಕು ಎಂಬುದು ಯಂತ್ರದ ಕೈಪಿಡಿಯಲ್ಲಿರುತ್ತದೆ. ಅಂದಾಜಿನಿಂದ ತಿರುಗಿಸಬೇಡಿ.

6. ಪಂಪು ಮತ್ತು ನಾಜಲ್: ಇವು ಕಟ್ಟಕಡೆಗೆ. ಡೀಸೆಲ್ ಕಾದರೆ ತೆಳುವಾಗುತ್ತದೆ. ಸವೆದ ಪಂಪಿನಲ್ಲಿ ಅದು ಸಂದಿಯಲ್ಲೇ ಸೋರಿ, ಬಿಸಿ ಎಂಜಿನ್ ಮತ್ತೆ ಚಾಲೂ ಆಗಲು ಸತಾಯಿಸುತ್ತದೆ. ಮೇಲಿನ ಐದೂ ಸರಿಯಿದ್ದು ಈ ಲಕ್ಷಣ ಕಂಡರೆ ಮಾತ್ರ ಪಂಪು ಬಿಚ್ಚಿಸಿ. ನಾಜಲ್ ಸಿಡಿಸುವ ಡೀಸೆಲಿಗೆ ಕೈ ಒಡ್ಡಬೇಡಿ. ಅದು ಚರ್ಮ ತೂರಿ ಒಳಹೋಗುತ್ತದೆ.

ಕಳೆ ತೆಗೆಯುವ ಸಣ್ಣ ಪೆಟ್ರೋಲ್ ಯಂತ್ರಕ್ಕೂ ಇದೇ ರೀತಿ. ಅದು ನಿಂತಾಗ ಮೊದಲು ಮುಚ್ಚಳ ಸಡಿಲಿಸಿ. ಅದು ಸರಿಯಿದ್ದರೆ ಬಿಸಿಯಿರುವಾಗಲೇ ಕಿಡಿ ಪರೀಕ್ಷೆ ಮಾಡಿಸಿ. ಬಿಸಿಯಲ್ಲಿ ಕಿಡಿ ಬಾರದೆ, ಆರಿದ ಮೇಲೆ ಬಂದರೆ ಇಗ್ನಿಶನ್ ಕಾಯಿಲ್ ಕೆಟ್ಟಿರುವ ಸಂಭವ ಹೆಚ್ಚು. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಈ ಪರೀಕ್ಷೆ ಮಾಡಕೂಡದು.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಮತ್ತೆ ಹೊಲದಲ್ಲಿ ಓಡಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಎಷ್ಟು ಹೊತ್ತಿಗೆ ಸೊರಗಿತು, ಹೊಗೆ ಯಾವ ಬಣ್ಣದ್ದು, ಕಾವಿನ ಮುಳ್ಳು ಎಲ್ಲಿತ್ತು, ಏನು ಮಾಡಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೆಕ್ಯಾನಿಕ್ ಬಂದಾಗ ಆ ಹಾಳೆ ತೋರಿಸಿ. ಸಾಧ್ಯವಾದರೆ ಅವರೆದುರಿಗೇ ಎಂಜಿನ್ನನ್ನು ಹೊರೆ ಹಾಕಿ ಕಾಯಿಸಿ.

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ಬಿನ್ನಹವಿಷ್ಟೆ: ಬಿತ್ತನೆಗೆ ಮುಂಚೆ ಬೀಜೋಪಚಾರ ತೋರಿಸುವ ದಿನವೇ ಈ ಆರು ಪರೀಕ್ಷೆಗಳನ್ನೂ ತೋರಿಸಿಕೊಡಿ. ಎಂಜಿನ್ ನಾಳೆ ರಿಪೇರಿಯಾದೀತು, ಆರಿಹೋದ ಹದ ಮಾತ್ರ ನಾಳೆ ಸಿಗದು.