ಅಕ್ಕ, ತಮ್ಮ ಮತ್ತು ಒಂದು ಹಳೆಯ ಮಾತು



ಒಡಹುಟ್ಟಿದವರ ಸಿನಿಮಾ ಎಂದರೆ ತ್ಯಾಗವೋ ಆಸ್ತಿ ಜಗಳವೋ ಇರಲೇಬೇಕು ಎಂಬುದು ನಮ್ಮ ರೂಢಿ. ಅವೆರಡೂ ಇಲ್ಲದೆ ಮನಸ್ಸು ತುಂಬಿದ ಚಿತ್ರ, 2000ದಲ್ಲಿ ಬಂದ ಅಮೆರಿಕದ ‘ಯು ಕ್ಯಾನ್ ಕೌಂಟ್ ಆನ್ ಮಿ’. ಕೆನೆತ್ ಲೊನರ್ಗನ್ ಬರೆದು, ಮೊದಲ ಬಾರಿಗೆ ನಿರ್ದೇಶಿಸಿದ ಚಿತ್ರವಿದು.

ರಾತ್ರಿ ಕಾರಿನಲ್ಲಿ ಹೊರಟ ಗಂಡ ಹೆಂಡತಿ ಅಪಘಾತಕ್ಕೆ ಸಿಲುಕುತ್ತಾರೆ. ಮನೆಯಲ್ಲಿ ಇಬ್ಬರು ಮಕ್ಕಳು. ಪೊಲೀಸ್ ಅಧಿಕಾರಿ ಬಂದು ಬಾಗಿಲು ತಟ್ಟುತ್ತಾನೆ. ಮಕ್ಕಳನ್ನು ನೋಡಿಕೊಳ್ಳಲು ಬಂದ ಹುಡುಗಿಗೆ, ಬಾಗಿಲು ಮುಚ್ಚಿ ಹೊರಗೆ ಬಾ ಎನ್ನುತ್ತಾನೆ. ಮುಂದೆ ಅವನಿಗೆ ಬಾಯೇ ಬರುವುದಿಲ್ಲ. ಸಾವಿನ ಸುದ್ದಿಯನ್ನು ಚಿತ್ರ ಹೇಳುವುದು ಅಷ್ಟರಲ್ಲೇ.

ವರ್ಷಗಳು ಕಳೆದಿವೆ. ಅಕ್ಕ ಸ್ಯಾಮಿಯದು ಅದೇ ಊರು, ಅದೇ ಮನೆ. ಬ್ಯಾಂಕಿನ ಕೆಲಸ, ಚರ್ಚು, ಒಬ್ಬಳೇ ಸಾಕುತ್ತಿರುವ ಮಗ. ತಮ್ಮ ಟೆರಿ ಮಾತ್ರ ಎಲ್ಲೂ ನೆಲೆ ನಿಂತವನಲ್ಲ. ಬಹಳ ದಿನದ ಮೇಲೆ ಬಂದವನನ್ನು ಕಂಡು ಅವಳು ಹಿಗ್ಗುತ್ತಾಳೆ. ಹೋಟೆಲಿನಲ್ಲಿ ಕೂತಾಗ ಅವನು ಬಂದದ್ದು ಹಣಕ್ಕೆಂದೂ, ನಡುವೆ ಜೈಲಿಗೆ ಹೋಗಿದ್ದನೆಂದೂ ತಿಳಿಯುತ್ತದೆ. ಲಾರಾ ಲಿನ್ನಿಯ ಮುಖದಲ್ಲಿ ಸಂತೋಷ, ಸಿಟ್ಟು, ಅಳು ಒಂದರ ಹಿಂದೆ ಒಂದು ಬರುವುದನ್ನು ನೋಡಬೇಕು. ಈ ಪಾತ್ರಕ್ಕೆ ಅವರ ಹೆಸರು ಆಸ್ಕರ್ ನಾಮನಿರ್ದೇಶನಕ್ಕೂ ಹೋಯಿತು. ಟೆರಿಯಾಗಿ ಮಾರ್ಕ್ ರಫಲೊ, ಬಯ್ಯಬೇಕೆನಿಸುವಷ್ಟು ಬೇಜವಾಬ್ದಾರಿ, ಬಯ್ಯಲಾಗದಷ್ಟು ಅಕ್ಕರೆ.

ನನಗೆ ಬಹಳ ಇಷ್ಟವಾದದ್ದು ಪಾದ್ರಿಯ ಪ್ರಸಂಗ. ಪಾದ್ರಿಯ ಪಾತ್ರ ಮಾಡಿದವರು ಲೊನರ್ಗನ್ ಅವರೇ. ತಮ್ಮನಿಗೆ ಬುದ್ಧಿ ಹೇಳಿಸಲು ಸ್ಯಾಮಿ ಅವರನ್ನು ಮನೆಗೇ ಕರೆಸುತ್ತಾಳೆ. ಅತ್ತ ತಾನೇ, ಮದುವೆಯಾದ ತನ್ನ ಮ್ಯಾನೇಜರನ ಜೊತೆ ಸಂಬಂಧ ಬೆಳೆಸಿದ್ದಾಳೆ. ಅದನ್ನು ಹೇಳಿಕೊಳ್ಳಲು ಅವರ ಬಳಿಗೇ ಹೋಗುತ್ತಾಳೆ. ಅವರು ಗದರಿಸಲಿ, ಪಾಪವೆಂದು ಹೇಳಲಿ ಎಂಬುದು ಅವಳ ಆಸೆ. ಅವರು ಗದರಿಸುವುದಿಲ್ಲ. ಊರು ಬಿಟ್ಟವನು ದಾರಿ ತಪ್ಪಿದ, ಉಳಿದವಳು ನೆಟ್ಟಗಾದಳು ಎಂಬ ನಮ್ಮ ಸುಲಭದ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಅಪಘಾತದ ಆ ಒಂದು ರಾತ್ರಿಯನ್ನು ಇಬ್ಬರೂ ಹೊತ್ತುಕೊಂಡೇ ಬೆಳೆದಿದ್ದಾರೆ, ಅವಳು ಅಲ್ಲೇ ಉಳಿದು, ಇವನು ಅಲೆದು.

ಅಕ್ಕನ ಮಗನ ಮೇಲೆ ಟೆರಿಗೆ ಪ್ರಾಣ. ಆದರೆ ಹೇಳದೆ ಕೇಳದೆ ಹುಡುಗನನ್ನು ಅವನ ಅಪ್ಪನ ಮುಂದೆ ನಿಲ್ಲಿಸಿ ರಂಪ ಮಾಡುತ್ತಾನೆ. ಮನೆ ಬಿಡು ಎನ್ನದೆ ಸ್ಯಾಮಿಗೆ ಬೇರೆ ದಾರಿಯಿಲ್ಲ.

ಕೊನೆಗೆ ಬಸ್ಸಿಗೆ ಕಾಯುತ್ತಾ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾರೆ. ಚಿಕ್ಕವರಿದ್ದಾಗ ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಿದ್ದೆವು, ನೆನಪಿದೆಯಾ ಎಂದು ತಮ್ಮ ಕೇಳುತ್ತಾನೆ. ನೆನಪಿದೆ ಎನ್ನುತ್ತಾಳೆ. ಆ ಮಾತು ಯಾವುದೆಂದು ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ, ಚಿತ್ರದ ಹೆಸರು ಓದಿ ಒಳಗೆ ಹೋದವರಿಗೆ ಹೇಳಬೇಕಾಗಿಯೂ ಇಲ್ಲ. ಟೆರಿಗೆ ಊರಿನಲ್ಲೇ ಒಂದು ಕೆಲಸ ಕೊಡಿಸಿ, ಎಲ್ಲರನ್ನೂ ಒಂದೇ ಊಟದ ಮೇಜಿಗೆ ಕೂರಿಸಿ ಕಥೆ ಮುಗಿಸಬಹುದಿತ್ತು. ಹಾಗೆ ಮಾಡಿದ್ದರೆ, ತಮ್ಮನನ್ನು ತಿದ್ದಲಾರೆ ಎಂದು ಗೊತ್ತಾದ ಮೇಲೂ ಅವನನ್ನು ಅಷ್ಟೇ ಪ್ರೀತಿಸುವ ಅಕ್ಕ ನಮಗೆ ಸಿಗುತ್ತಿರಲಿಲ್ಲ.