ಕಟ್ಟು ಮೊಸರು, ತಿಳಿನೀರು: ಮನೆಗೂ ಸ್ವಲ್ಪ ಹಾಲು ಉಳಿಯಲಿ
(ಮಹಿಳಾ ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಸಂಘದ ಮುಂದೆ ಹಾಲು ಹಿಡಿದು ನಿಂತವರನ್ನು "ಮನೆಗೆ ಎಷ್ಟು ಉಳಿಸಿಕೊಂಡಿರಿ?" ಎಂದು ಕೇಳಿದರೆ, "ಕಾಫಿಗೆ ಆಗುವಷ್ಟು" ಎನ್ನುವವರೇ ಹೆಚ್ಚು. ಬಟವಾಡೆ ಬೇಕು, ನಿಜ. ಆದರೆ ಹಸು ಕಟ್ಟಿದ ಮನೆಯ ಮಗುವಿನ ತಟ್ಟೆಯಲ್ಲೇ ಹಾಲು ಮೊಸರು ಇಲ್ಲದಿದ್ದರೆ ನಮ್ಮ ದುಡಿಮೆಗೆ ಅರ್ಥವೇನು? ಇನ್ನೊಂದು ಕಡೆ, ಉಳಿಸಿಕೊಂಡ ಅಷ್ಟಿಷ್ಟು ಹಾಲಿನ ಮೊಸರು ಬೇಸಿಗೆಯಲ್ಲಿ ಹುಳಿಯಾಗಿ ಕಲಗಚ್ಚು ಸೇರುತ್ತದೆ. ಈ ನಷ್ಟ ತಪ್ಪಿಸುವ ಒಂದು ಸುಲಭ ವಿಧಾನವನ್ನು ಇಂದು ಹೇಳುತ್ತೇನೆ.

ವಿಧಾನ ಹೊಸದಲ್ಲ. ಬೆಳಗಾವಿ, ಧಾರವಾಡದ ಕಡೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಇಳಿಸಿ, ಚಕ್ಕಾ ಮಾಡಿ ಶ್ರೀಖಂಡಕ್ಕೆ ಬಳಸುತ್ತಾರೆ. ದೂರದ ಲೆಬನಾನ್, ಸಿರಿಯಾ ದೇಶಗಳಲ್ಲಿ ಇದಕ್ಕೇ ಉಪ್ಪು ಬೆರೆಸಿ 'ಲಬ್ನೆ' ಎಂದು ರೊಟ್ಟಿಯ ಜೊತೆ ತಿನ್ನುತ್ತಾರೆ. ಮೆದು ಚೀಸ್ ಎಂದರೆ ಇದೇ. ಪನೀರಿಗೆ ಬಿಸಿ ಹಾಲನ್ನು ಹುಳಿ ಹಾಕಿ ಒಡೆಸಬೇಕು. ಇಲ್ಲಿ ಹೆಪ್ಪೇ ಆ ಕೆಲಸ ಮಾಡುತ್ತದೆ.

ಮಾಡುವ ಕ್ರಮ ಹೀಗೆ. ಒಂದು ಲೀಟರ್ ಹಾಲನ್ನು ಚೆನ್ನಾಗಿ ಕುದಿಸಿ. ಹಸಿ ಹಾಲಿನಿಂದ ಕ್ಷಯ, ಬ್ರುಸೆಲ್ಲೋಸಿಸ್ ರೋಗಗಳು ಹರಡುತ್ತವೆ. ಆದ್ದರಿಂದ ಕುದಿಸದೆ ಮಾಡಬೇಡಿ. ಕುದಿಸುವುದರಿಂದ ಇನ್ನೊಂದು ಲಾಭವೂ ಉಂಟು: ನೀರಿನ ಜೊತೆ ಹೋಗಬೇಕಾದ ಸಸಾರಜನಕದ ಹೆಚ್ಚಿನ ಪಾಲು ಮೊಸರಿನಲ್ಲೇ ನಿಲ್ಲುತ್ತದೆ. ಹಾಲು ಉಗುರು ಬೆಚ್ಚಗಾದಾಗ ಒಂದು ಚಮಚ ಒಳ್ಳೆಯ ಹೆಪ್ಪು ಬೆರೆಸಿ, ಆರರಿಂದ ಎಂಟು ಗಂಟೆ ಅಲುಗಾಡಿಸದೆ ಇಡಿ. ಚಳಿಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ. ತುಪ್ಪಕ್ಕೆಂದು ಕೆನೆ ತೆಗೆದ ಹಾಲಾದರೂ ನಡೆಯುತ್ತದೆ. ರುಚಿ ಮಾತ್ರ ಸ್ವಲ್ಪ ತೆಳುವಾಗುತ್ತದೆ.

ಮೊಸರು ಗಟ್ಟಿಯಾದ ಮೇಲೆ, ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದ ಬಿಳಿಯ ತೆಳು ಹತ್ತಿ ಬಟ್ಟೆಗೆ ಸುರಿದು, ಗಂಟು ಕಟ್ಟಿ ತೂಗುಹಾಕಿ. ಕೆಳಗೆ ಸ್ಟೀಲ್ ಪಾತ್ರೆ ಇಡಿ. ಹುಳಿಗೆ ಲೋಹ ಬಿಡುವುದರಿಂದ ಹಿತ್ತಾಳೆ, ತಾಮ್ರದ ಪಾತ್ರೆ ಬೇಡ. ಅವಸರಪಟ್ಟು ಹಿಂಡಬೇಡಿ, ಹಿಂಡಿದರೆ ಮೊಸರೂ ಬಟ್ಟೆಯಿಂದ ಹೊರಬರುತ್ತದೆ. ಮೂರು ನಾಲ್ಕು ಗಂಟೆಯಲ್ಲಿ ಗಟ್ಟಿ ಮೊಸರು, ರಾತ್ರಿಯೆಲ್ಲ ಬಿಟ್ಟರೆ ಉಂಡೆ ಕಟ್ಟಬಹುದಾದ ಮೆದು ಚೀಸ್ ಸಿಗುತ್ತದೆ. ಬೇಸಿಗೆಯಲ್ಲಿ ತಂಪಾದ ಮೂಲೆಯಲ್ಲಿ ತೂಗುಹಾಕಿ. ಫ್ರಿಜ್ ಇದ್ದವರು ಜರಡಿಯ ಮೇಲೆ ಬಟ್ಟೆ ಹಾಸಿ, ಕೆಳಗೆ ಪಾತ್ರೆಯಿಟ್ಟು ಅದರಲ್ಲೇ ಇಡಬಹುದು.

ಒಂದು ಲೀಟರ್ ಮೊಸರಿನಿಂದ ಸುಮಾರು 300ರಿಂದ 400 ಗ್ರಾಂ ಚೀಸ್ ಬರುತ್ತದೆ, ಉಳಿದದ್ದು ತಿಳಿನೀರು. ಚೀಸಿಗೆ ಸ್ವಲ್ಪ ಉಪ್ಪು, ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಹುರಿದ ಜೀರಿಗೆ ಪುಡಿ ಬೆರೆಸಿದರೆ ರೊಟ್ಟಿ ಚಪಾತಿಗೆ ಒಳ್ಳೆಯ ಜೊತೆ. ಸಕ್ಕರೆ, ಏಲಕ್ಕಿ ಹಾಕಿ ನಾದಿದರೆ ಮಕ್ಕಳಿಗೆ ಶ್ರೀಖಂಡ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇಡಬಹುದು. ಇಲ್ಲದವರು ಅಂದೇ ತಿಂದು ಮುಗಿಸಬೇಕು.

ಇನ್ನು ತಿಳಿನೀರಿನ ಮಾತು. ಇದರ ಹಸಿರು ಮಿಶ್ರಿತ ಹಳದಿ ಬಣ್ಣ ಬಿ-2 ಜೀವಸತ್ವದ್ದು. ಸುಣ್ಣದ ಅಂಶ, ಹಾಲಿನ ಸಕ್ಕರೆ ಇದರಲ್ಲಿವೆ. ಸಸಾರಜನಕ ಮಾತ್ರ ಸ್ವಲ್ಪವೇ. ಇದನ್ನೇ ದೊಡ್ಡ ಟಾನಿಕ್ ಎಂದು ನಂಬಬೇಡಿ. ಹಾಗೆಂದು ಚೆಲ್ಲುವ ವಸ್ತುವೂ ಅಲ್ಲ. ಚಪಾತಿ ಹಿಟ್ಟು ಕಲಸಲು ನೀರಿನ ಬದಲು ಹಾಕಿ, ಹಿಟ್ಟು ಮೆದುವಾಗುತ್ತದೆ. ಸಾರಿಗೆ ಹುಣಸೆಹಣ್ಣು ಕಡಿಮೆ ಮಾಡಿ ಇದನ್ನು ಬೆರೆಸಿ. ರಾಗಿ ಅಂಬಲಿಗೆ ಸೇರಿಸಿ. ಉಪ್ಪು, ಜೀರಿಗೆ, ಶುಂಠಿ ಹಾಕಿ ಕುಡಿಯಿರಿ. ಮಿಕ್ಕಿದ್ದನ್ನು ಕಲಗಚ್ಚಿಗೆ ಹಾಕಬಹುದು. ಆದರೆ ದನಕ್ಕೆ ಒಂದೇ ಸಲ ಬಹಳ ಕುಡಿಸಬೇಡಿ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಮೊದಲನೆಯದು, ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲು ಸರಿಯಾಗಿ ಹೆಪ್ಪಾಗದಿರಬಹುದು. ಆಗ ಹೆಪ್ಪನ್ನು ದೂರಬೇಡಿ. ಔಷಧಿಯ ಅಂಶ ಹೆಪ್ಪಿನ ಜೀವಾಣುಗಳನ್ನು ಕೊಂದಿರುತ್ತದೆ. ಹಾಲನ್ನು ಕುದಿಸಿದರೂ ಆ ಅಂಶ ಪೂರ್ತಿ ಹೋಗುವುದಿಲ್ಲ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬೇಡಿ, ಸಂಘಕ್ಕೂ ಹಾಕಬೇಡಿ.

ಎರಡನೆಯದು, ತಿಳಿನೀರು ತಾಗಿದ ಪಾತ್ರೆಯನ್ನು ಹಾಲು ಕರೆಯಲು ಬಳಸಬೇಡಿ. ಅದರಲ್ಲಿ ಹೆಪ್ಪಿನ ಜೀವಾಣುಗಳು ತುಂಬಿರುತ್ತವೆ. ಪಾತ್ರೆಯ ಅಂಚಿನಲ್ಲಿ ಉಳಿದ ನಾಲ್ಕು ಹನಿಯಿಂದ ನಿಮ್ಮ ಹಾಲು ಬೇಗ ಹುಳಿಯಾಗುತ್ತದೆ. ಅದು ಕ್ಯಾನಿಗೆ ಸೇರಿದರೆ ನೆರೆಮನೆಯವರ ಹಾಲೂ ಕೆಡುತ್ತದೆ. ಸಂಘದಲ್ಲಿ ಎಲ್ಲರ ಹಾಲೂ ಒಂದಾಗುತ್ತದೆ, ಹಾಗೆಯೇ ಎಲ್ಲರ ನಷ್ಟವೂ ಒಂದಾಗುತ್ತದೆ. ಮೊಸರಿನ ಪಾತ್ರೆ, ಬಟ್ಟೆ ಎಲ್ಲವೂ ಬೇರೆಯೇ ಇರಲಿ.

ತಾಯಂದಿರೇ, ಸಂಘಕ್ಕೆ ಹಾಲು ಹಾಕುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ವಾರಕ್ಕೆರಡು ದಿನ ಒಂದೊಂದು ಲೀಟರ್ ಮನೆಗೆಂದು ತೆಗೆದಿಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಬಟವಾಡೆಯಲ್ಲಿ ಆಗುವ ಕಡಿತ ಸ್ವಲ್ಪ. ಬೆಳೆಯುವ ಮಗುವಿಗೆ, ಬಸುರಿ ಬಾಣಂತಿಗೆ ಸಿಗುವ ಪುಷ್ಟಿ ದೊಡ್ಡದು. ಮೈಮುರಿದು ಹಸು ಸಾಕುವ ಕೈಗಳೇ ಮೊದಲು ಗಟ್ಟಿಯಾಗಿರಲಿ.

ಇಂದು ರಾತ್ರಿಯೇ ಹೆಪ್ಪು ಹಾಕಿ ನೋಡಿ.