ಒಂದು ಚಿತ್ರ, ಎರಡು ದನಿ



ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಹೊಸೂರಿಗೆ ಟಿವಿ ಬಂದ ಹೊಸತರಲ್ಲಿ ಅರ್ಧ ಕಾರ್ಯಕ್ರಮ ಮನೆಯೊಳಗೆ ನಡೆದರೆ ಇನ್ನರ್ಧ ಮಾಳಿಗೆಯ ಮೇಲೆ. ಅಣ್ಣ ಮೇಲೆ ಹತ್ತಿ ಆಂಟೆನಾ ಕಂಬ ತಿರುಗಿಸುತ್ತಿದ್ದ. "ಬಂತೇನೋ?" "ಇಲ್ಲಣ್ಣ, ಇನ್ನೊಂಚೂರು ಆ ಕಡೆ!" ಅಕ್ಕಿ ನುಚ್ಚು ಚೆಲ್ಲಿದಂಥ ಚುಕ್ಕೆಗಳ ನಡುವೆ ಒಂದು ಮುಖ ಮೂಡಿದರೆ ಗೆದ್ದ ಹಾಗೆ. ಆ ಆಂಟೆನಾ ನೋಡುತ್ತಿದ್ದುದು ಬೆಂಗಳೂರಿನ ಕಡೆ. ನಮ್ಮ ರಾಜಧಾನಿ ಮದ್ರಾಸು ಸುಮಾರು 300 ಕಿಲೋಮೀಟರ್ ದೂರ, ಬೆಂಗಳೂರು 40. ಅಲೆಗಳಿಗೆ ಗಡಿಕಲ್ಲಿನ ಲೆಕ್ಕವಿಲ್ಲ.

ಭಾರತದಲ್ಲಿ ಟಿವಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. 1961ರಲ್ಲಿ ಅಲ್ಲಿನ ಪ್ರೌಢಶಾಲೆಗಳಿಗೆ ಪಾಠಗಳು ಬಂದವು. ಅದು ಕಪ್ಪು ಹಲಗೆಯನ್ನೇ ಪೆಟ್ಟಿಗೆಯೊಳಗೆ ಕೂರಿಸಿದಂಥ ಕೆಲಸ.

ಹಾಗಾದರೆ ಕನ್ನಡದ ಮಗುವಿನ ಜೊತೆ ಟಿವಿ ಮೊದಲು ಮಾತಾಡಿದ್ದು ಎಲ್ಲಿ? ಬೆಂಗಳೂರು ಅಂದುಕೊಂಡರೆ ತಪ್ಪು. ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ! 1975ರ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸುವ 'ಸೈಟ್' ಎಂಬ ಪ್ರಯೋಗ ಶುರುವಾಯಿತು. ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. ಕೈಗೂಡುವ ಹೊತ್ತಿಗೆ ಅವರೇ ಇರಲಿಲ್ಲ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಆಂಟೆನಾ ಅಂದರೆ ಮೂರು ಮೀಟರ್ ಅಗಲದ ಕೊಡೆ, ಅದಕ್ಕೆ ಹೊದಿಸಿದ್ದು ಕೋಳಿ ಗೂಡಿನ ತಂತಿ ಬಲೆ. ತಮಿಳುನಾಡು ಆ ಪಟ್ಟಿಯಲ್ಲಿರಲಿಲ್ಲ. ಆಗ ಧರ್ಮಪುರಿ ಜಿಲ್ಲೆಗೆ ಸೇರಿದ್ದ ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಗೆ ಆ ಭಾಗ್ಯ ಸಿಗಲಿಲ್ಲ.

ಸೈಟ್ ಪ್ರಸಾರದಲ್ಲಿ ಬೆಳಗಿನ ಒಂದೂವರೆ ಗಂಟೆ ಪೂರ್ತಿ ಮಕ್ಕಳದು, 5ರಿಂದ 12 ವರ್ಷದವರದು. ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಸಮಪಾಲು ಹಂಚಿಕೊಂಡವು. ಒಂದೊಂದಕ್ಕೆ ಇಪ್ಪತ್ತೆರಡೂವರೆ ನಿಮಿಷ. ಮಕ್ಕಳಿಗೆ ವಿಜ್ಞಾನ ತೋರಿಸುವ ಚಿತ್ರಗಳನ್ನು ಇಸ್ರೋದವರು ತಮ್ಮದೇ ಸ್ಟುಡಿಯೋದಲ್ಲಿ ತಯಾರಿಸಿದರು.

ನನ್ನಂಥ ಗಡಿನಾಡಿನವನಿಗೆ ಇದರಲ್ಲಿ ತುಂಬ ಹಿಡಿಸುವ ಸಂಗತಿ ಬೇರೆ. ಆ ಉಪಗ್ರಹ ಒಂದು ಚಿತ್ರದ ಜೊತೆ ಎರಡು ದನಿಗಳನ್ನು ಕಳಿಸಬಲ್ಲದಾಗಿತ್ತು. ಚಿತ್ರ ಅದೇ; ಈ ಊರಲ್ಲಿ ಒಂದು ಮಾತು, ಆ ಊರಲ್ಲಿ ಇನ್ನೊಂದು ಮಾತು.

1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು. ಉಪಗ್ರಹ ವಾಪಸು ಹೊರಟಿತು. ಮರುವರ್ಷ ಕಲಬುರಗಿಯಲ್ಲೇ ನೆಲದ ಮೇಲೊಂದು ಟಿವಿ ಕೇಂದ್ರ ಎದ್ದಿತು. ಬೆಂಗಳೂರು ದೂರದರ್ಶನ ಶುರುವಾಗುವ ಹೊತ್ತಿಗೆ 1981ರ ನವೆಂಬರ್ 1, ರಾಜ್ಯೋತ್ಸವದ ದಿನ. ಈ ವಿಷಯದಲ್ಲಿ ರಾಜಧಾನಿಗಿಂತ ಬಿಸಿಲು ಸೀಮೆಯ ಮಕ್ಕಳೇ ಹಿರಿಯರು.

1986ರಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿ ಬಂತು. ಕಥೆ ಆರ್.ಕೆ. ನಾರಾಯಣ್ ಅವರದು, ನಿರ್ದೇಶನ ಶಂಕರ್ ನಾಗ್, ಚಿತ್ರೀಕರಣದ ಊರು ಆಗುಂಬೆ, ಕಥೆಯ ಹುಡುಗ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಮಳೆ ನಮ್ಮದು, ಮುಖಗಳು ನಮ್ಮವು. ಆದರೆ ಆಡುತ್ತಿದ್ದ ಮಾತು ಹಿಂದಿ! ಸೈಟ್‌ನ ಹಳ್ಳಿಗಳಿಗೆ ಹತ್ತು ವರ್ಷದ ಹಿಂದೆಯೇ ಸಿಕ್ಕಿದ್ದ ಆ ಎರಡನೆಯ ದನಿ ಇಲ್ಲಿ ಇರಲಿಲ್ಲ.

ನಮ್ಮ ಮನೆಯಲ್ಲಿ ಆ ಕೆಲಸವನ್ನು ಅಜ್ಜಿ ಹೊತ್ತುಕೊಂಡರು. ಅವರಿಗೆ ಹಿಂದಿಯ ಗಂಧವೂ ಇಲ್ಲ. ಚಿತ್ರ ನೋಡಿಕೊಂಡೇ ಕಥೆ ಕಟ್ಟುತ್ತಿದ್ದರು. ಸ್ವಾಮಿ ಮನೆ ಬಿಟ್ಟು ಓಡಿದ್ದಕ್ಕೆ ಅವರದೇ ಒಂದು ಕಾರಣ: "ರಾಗಿ ಮುದ್ದೆ ಬೇಡ ಅಂದಿರ್ಬೇಕು, ಅಮ್ಮ ಬೈದವ್ಳೆ." ಅಷ್ಟು ಹೇಳಿ, ಬಾಗಿಲ ಬಳಿ ಕೂತ ಪಕ್ಕದ ಮನೆಯ ಹುಡುಗನ ಕಡೆ ತಿರುಗಿ ಅದನ್ನೇ ತೆಲುಗಿನಲ್ಲಿ ಇನ್ನೊಂದು ಸಲ ಹೇಳುತ್ತಿದ್ದರು.